ಹದಿನೇಳನೇ ಕೊರೆತದ ಕಲ್ಲುಕೋಲುಗಳು

ಕೋಕ್‌ಜಾಲ್ ಗಣಿ ವಸಾಹತು
೧೧ ಸೆಪ್ಟೆಂಬರ್ ೧೯೮೪

ನನ್ನ ಒಂಟೆಮರಿ ಕುನ್ಸುಲು,

ಅಪ್ಪನ ಆಶೀರ್ವಾದ. ಅಲ್ಮಾ-ಅತಾದಿಂದ ನೀನು ಬರೆದ ಎರಡು ಕಾಗದಗಳೂ ಕೈಸೇರಿವೆ. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು, ತಡವಾಯಿತು. ನಿನ್ನ ಅಮ್ಮ ಇದನ್ನು ಸೋಮಾರಿತನ ಎನ್ನುತ್ತಾಳೆ. ಅಲ್ಲ. ಮನಸ್ಸಿನಲ್ಲಿ ಒಂದು ಅನುಮಾನ ಕೂತಿರುವಾಗ ಮಗಳಿಗೆ ಕಾಗದ ಬರೆದರೆ ಅಕ್ಷರಗಳೂ ಓರೆಯಾಗಿ ಬೀಳುತ್ತವೆ, ಅದಕ್ಕೇ ಕಾದೆ.

ಮನೆಯಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮೊಣಕಾಲು ರೇಡಿಯೋದವರಿಗಿಂತ ಒಂದು ದಿನ ಮೊದಲೇ ಹವಾಮಾನ ಹೇಳುತ್ತಿದೆ. ನಿನಗೆಂದು ಗಟ್ಟಿ ಮೊಸರಿನ ಕುರುತ್ ಉಂಡೆ ಕಟ್ಟಿ ಮಾಡಿನ ಮೇಲೆ ಒಣಗಿಸಿದ್ದಾಳೆ, ಕಾಗೆಗಳು ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದದ್ದನ್ನು ಕಳಿಸುತ್ತಾಳಂತೆ. ನಿನ್ನ ತಮ್ಮ ಎರ್ಮೆಕ್‌ನನ್ನು ಹೊಸ ಅದಿರಿನ ಕಡೆಗೆ ಸುರಂಗ ಹೊಡೆಯುವ ತಂಡಕ್ಕೆ ಹಾಕಿದ್ದಾರೆ. ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದಾನೆ.

ಆ ಹೊಸ ಅದಿರನ್ನು ಯಾವ ಪದ್ಧತಿಯಲ್ಲಿ ತೆಗೆಯುತ್ತಾರೆ ಎಂದು ಅಮ್ಮ ಕೇಳಿದಳು. ಅವಳಿಗೆ ಹುಲ್ಲಿನ ಬಣವೆಯ ಲೆಕ್ಕದಲ್ಲಿ ಹೇಳಿದೆ. ಬಣವೆಯ ಬುಡದಿಂದ ಹುಲ್ಲು ಎಳೆಯುತ್ತಾ ಹೋದರೆ ಮೇಲಿನದು ತಾನಾಗಿ ಕುಸಿದು ಕೈಗೆ ಬರುತ್ತದೆ. ಅದು ಒಂದು ಪದ್ಧತಿ: ಅದಿರಿನ ಕಾಲು ಕತ್ತರಿಸುವುದು, ಮಿಕ್ಕದ್ದನ್ನು ಅದರ ಭಾರಕ್ಕೇ ಬಿಡುವುದು. ಬೇಗ ಆಗುತ್ತದೆ, ಕಡಿಮೆ ಜನ ಸಾಕು. ಇನ್ನೊಂದು, ಕೋಣೆ ಕೋಣೆಯಾಗಿ ಕೊಯ್ದು ಖಾಲಿಯಾದ ಪ್ರತಿ ಕೋಣೆಗೂ ಮರಳು, ಸಿಮೆಂಟು ತುಂಬುತ್ತಾ ಹೋಗುವುದು. ಅದು ಆಮೆ ನಡಿಗೆ.

"ಬುಡದಿಂದ ಎಳೆಯೋದೇ ಸುಲಭ ಅಲ್ವಾ?" ಎಂದಳು.

"ಸುಲಭವೇ. ಆದರೆ ಜನವರಿಯಲ್ಲಿ ಬಣವೆ ಹೆಪ್ಪುಗಟ್ಟಿದಾಗ ಬುಡದಿಂದ ಎಳೆದರೆ ಏನಾಗುತ್ತೆ?"

"ಮೇಲಿಂದು ಚಾವಣಿ ಥರ ನಿಂತ್ಕೊಳುತ್ತೆ. ಕುರಿ ಒಳಗೆ ನುಗ್ಗುತ್ತೆ. ಆಮೇಲೆ ಒಟ್ಟಿಗೇ ಬೀಳುತ್ತೆ."

"ಬಂಡೆ ಗಟ್ಟಿಯಿದ್ದರೂ ಅದೇ ಕಥೆ. ಬೀಳಬೇಕಾದದ್ದು ಬೀಳೋದಿಲ್ಲ, ಕೆಳಗೆ ಮಸೀದಿಯಷ್ಟು ದೊಡ್ಡ ಟೊಳ್ಳು ಬೆಳೆಯುತ್ತೆ. ಯಾವತ್ತೋ ಒಂದು ದಿನ ಅಷ್ಟೂ ಕಳಚಿಕೊಳ್ಳುತ್ತೆ. ಆಗ ಕಲ್ಲಿಗಿಂತ ಮೊದಲು ಗಾಳಿ ಬರುತ್ತೆ ಬಾತಿಮಾ. ಸುರಂಗದಲ್ಲಿರೋ ಯಾರನ್ನೂ ಬಿಡೋದಿಲ್ಲ ಅದು."

ಅವಳು ಚಹಾದ ಬಟ್ಟಲು ಕೆಳಗಿಟ್ಟು, "ಎರ್ಮೆಕ್ ಎಲ್ಲಿರ್ತಾನೆ ಆಗ?" ಎಂದಳು. ನಮ್ಮ ಬಂಡೆ ಗಟ್ಟಿಯಲ್ಲ, ಚಿಂತೆ ಬೇಡ ಎಂದೆ.

ಈಗ ನಿನ್ನ ಪ್ರಶ್ನೆ: "ಅಪ್ಪ, ಒಂದೇ ಬಂಡೆಗೆ ಎರಡು ಲೆಕ್ಕ ಹೇಗೆ ಬಂತು?" ನೆಲ ಕೊರೆದು ಮೇಲೆತ್ತಿದ ಹದಿನೇಳನೇ ಕೊರೆತದ ಕಲ್ಲುಕೋಲುಗಳಲ್ಲಿ ಮೀಟರಿಗೆ ಎರಡು ಬಿರುಕು ಎಂದು ಭೂವಿಜ್ಞಾನಿ ಯಾಕೊಬ್ ರೈಮರ್ ಹದಿನಾರು ವರ್ಷದ ಹಿಂದೆ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಈ ವಸಂತದಲ್ಲಿ ನಿಮ್ಮ ಗಣಿ ಯೋಜನಾ ಸಂಸ್ಥೆಯವರು ಬಂದು ನಾನು ಕಾಯುವ ಕಲ್ಲಿನ ಉಗ್ರಾಣದ ಪೆಟ್ಟಿಗೆಗಳಲ್ಲಿ ಎಣಿಸಿದರೆ ಒಂಬತ್ತು. ಅಲ್ಲದೆ ಐದರಲ್ಲಿ ಒಂದು ಪಾಲು ಕಲ್ಲೇ ಇಲ್ಲ. ಬಂಡೆ ಪುಡಿಪುಡಿಯಾಗಿದ್ದರಿಂದ ಕೊರೆಯುವಾಗಲೇ ನೀರಿನ ಜೊತೆ ಹೋಗಿರಬೇಕು ಎಂದು ಬರೆದುಕೊಂಡರು. ಗಟ್ಟಿ ಬಂಡೆಯೋ ಪುಡಿ ಬಂಡೆಯೋ? ಪದ್ಧತಿಯೆಲ್ಲ ನಿಂತಿರುವುದು ಇದರ ಮೇಲೆ.

ನಾನು ರೈಮರನ ಮೇಲೆ ಅನುಮಾನಪಟ್ಟೆ. ಅವನ ಜೊತೆ ಒಂದೇ ಡೇರೆಯಲ್ಲಿ ನಾಲ್ಕು ಚಳಿಗಾಲ ಕಳೆದವನು ನಾನು, ಸುಮ್ಮನೆ ಹೇಳುತ್ತಿಲ್ಲ. ಆ ಪುಸ್ತಕಗಳನ್ನು ನೋಡು: ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಸಮನಾದ ಅಕ್ಷರ, ಅದೂ ಶಾಯಿಯಲ್ಲಿ. ಮೈನಸ್ ಮೂವತ್ತೈದು ಡಿಗ್ರಿ ಚಳಿಯಲ್ಲಿ ಕೊರೆಯುವ ಯಂತ್ರದ ಪಕ್ಕ ನಿಂತು ಯಾರು ಶಾಯಿಯಲ್ಲಿ ಬರೆಯುತ್ತಾರೆ? ಶಾಯಿ ಬಾಟಲಿಯಲ್ಲೇ ಕಲ್ಲಾಗಿರುತ್ತದೆ. ಒಲೆಯ ಪಕ್ಕ ಕೂತು ಬರೆದ ಲೆಕ್ಕ ಅದು, ನೋಡಿ ಬರೆದದ್ದಲ್ಲ.

ಜೂನ್‌ನಲ್ಲಿ ಈ ಎರಡು ಲೆಕ್ಕ ತೀರ್ಮಾನಿಸಲು ಆಯೋಗದವರು ಬಂದಾಗ ಅಧ್ಯಕ್ಷರು ನನ್ನನ್ನೇ ಕೇಳಿದರು: "ಸಪರ್‌ಗಾಲಿ ದುಯ್ಸೆನೊವಿಚ್, ನೀವು ಇಲ್ಲಿ ಎಲ್ಲರಿಗಿಂತ ಹಳಬರು. ಯಾವ ಲೆಕ್ಕ ನಂಬೋಣ?"

"ನನ್ನ ಉಗ್ರಾಣಕ್ಕೆ ಎರಡು ಬೀಗ ಇದೆ. ರೈಮರನ ಪುಸ್ತಕಕ್ಕೆ ಎಲ್ಲಿದೆ ಬೀಗ?" ಎಂದೆ. ಅಧ್ಯಕ್ಷರು ನಕ್ಕರು. ಇನ್ನೊಂದೆರಡು ಮಾತು ಹೇಳಿದೆ. ಬರೆದುಕೊಂಡರು, ಸಹಿ ಹಾಕಿದೆ. ರೈಮರನ ಪುಸ್ತಕಗಳನ್ನು ಬದಿಗಿಟ್ಟರು.

ಆದ್ದರಿಂದ ಅಕ್ಟೋಬರ್ ಇಪ್ಪತ್ತಾರಕ್ಕೆ ನಿಮ್ಮ ಮಂಡಳಿ ಸೇರಿದಾಗ ಬಂಡೆಯ ಬಲದ ಹಾಳೆಗೆ ನೀನು ನಿಶ್ಚಿಂತೆಯಿಂದ ಸಹಿ ಹಾಕು. ಅದರ ಹಿಂದೆ ನಿನ್ನ ಅಪ್ಪನ ಪೆಟ್ಟಿಗೆಗಳಿವೆ.

ನಿನ್ನ ಅಪ್ಪ,
ಸಪರ್‌ಗಾಲಿ

———

ಕೋಕ್‌ಜಾಲ್
೪ ಅಕ್ಟೋಬರ್

ಕುನ್ಸುಲು,

ನಿನ್ನ ಕಾಗದ ಓದಿ ಮೂರು ದಿನ ನಿನ್ನ ಮೇಲೆ ಕೋಪವಿತ್ತು, ಅದಕ್ಕೇ ಈ ತಡ. ಈಗ ಕೋಪ ಬೇರೆ ಕಡೆ ತಿರುಗಿದೆ.

ನಿಮ್ಮವರು ವಸಂತದಲ್ಲಿ ತೆಗೆದ ಪೆಟ್ಟಿಗೆಗಳ ಚಿತ್ರಗಳಲ್ಲಿ ಒಂದು ಕೋಲಿನ ಮೇಲೆ ೪೧೨.೧ ಎಂದಿದೆ, ಪಕ್ಕದ್ದರ ಮೇಲೆ ೪೧೩.೦ ಎಂದಿದೆ, ನಡುವೆ ಜಾಗವೇ ಇಲ್ಲ, ಒಂದಕ್ಕೊಂದು ಒತ್ತಿಕೊಂಡಿವೆ ಎಂದು ಬರೆದಿದ್ದೀಯ. ಆ ಆಳದ ಅಂಕಿಗಳನ್ನು ಕಲ್ಲು ಮೇಲೆ ಬಂದ ದಿನವೇ ಬಣ್ಣದಲ್ಲಿ ಬರೆದವನು ನಾನು. ನೀನು ಹೇಳಿದ್ದು ಸರಿ. ಕೊರೆಯುವಾಗ ಕೊಚ್ಚಿಹೋಗಿದ್ದರೆ ಅಲ್ಲಿ ಮರದ ತುಂಡು ಇಟ್ಟು ಗುರುತು ಮಾಡಿರುತ್ತಿದ್ದೆವು. ಮರದ ತುಂಡು ಇಲ್ಲ. ಅಂದರೆ ಕಲ್ಲು ಬಂದಿತ್ತು. ಬಂದ ಕಲ್ಲು ಆಮೇಲೆ ಹೋಗಿದೆ.

ನನ್ನ ಎರಡು ಬೀಗ ದಾಟಿ ಯಾರೋ ಬರುತ್ತಿದ್ದಾರೆ, ಮಗಳೇ. ಬಂದು, ಗಟ್ಟಿ ಕೋಲುಗಳನ್ನು ಮಾತ್ರ ಎತ್ತಿಕೊಂಡು, ಮಿಕ್ಕ ತುಣುಕುಗಳನ್ನು ಒತ್ತೊತ್ತಾಗಿ ಜೋಡಿಸಿ ಹೋಗುತ್ತಿದ್ದಾರೆ. ಬಂಡೆ ಪುಡಿಯಾಗಿದೆ ಎಂದು ತೋರಿಸಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಯಾರಿಗೆ ಲಾಭ ಎಂದು ಯೋಚಿಸಿದೆ. ಮುಖ್ಯ ಎಂಜಿನಿಯರ್ ಜುಮಾದಿಲೋವ್‌ಗೆ. ಕುಸಿತದ ಪದ್ಧತಿ ಬಂದರೆ ಯೋಜನೆ ಮೂರು ವರ್ಷ ಮೊದಲೇ ಮುಗಿಯುತ್ತದೆ, ಅವನು ರಾಜಧಾನಿಯ ಕುರ್ಚಿಗೆ ಹೋಗುತ್ತಾನೆ. ನನ್ನ ಉಗ್ರಾಣದ ಇನ್ನೊಂದು ಜೊತೆ ಬೀಗದ ಕೈ ಇರುವುದೂ ಅವನ ಕಚೇರಿಯಲ್ಲೇ. ಹಾಗಾಗಿ ಕುದುರೆ ಬಾಲದ ಕೂದಲೊಂದನ್ನು ಬಾಗಿಲಿಗೆ ಅಡ್ಡ ಕಟ್ಟಿದೆ. ಒಂದು ವಾರ ದಿನಾ ಬೆಳಿಗ್ಗೆ ನೋಡಿದೆ, ಕೂದಲು ಇದ್ದಂತೆ ಇತ್ತು. ಒಂದು ದಿನ ಕಿತ್ತುಹೋಗಿತ್ತು. ಅವತ್ತು ಮರೆತು ನಾನೇ ದಾಟಿ ಒಳಗೆ ಬಂದಿದ್ದೆ. ಅಮ್ಮನಿಗೆ ಹೇಳಿದರೆ, "ಕಳ್ಳನನ್ನ ಹಿಡಿದ್ರಲ್ಲ, ಕಟ್ಟಿ ಹಾಕಿ" ಎಂದಳು.

ಜುಮಾದಿಲೋವ್ ಸೋಮವಾರ ಬಂದಿದ್ದ. ಅವನ ಬೂಟಿನ ಅಟ್ಟೆ ನೋಡಿದೆ, ಕೈ ನೋಡಿದೆ, ಕೋಟಿನ ಜೇಬು ಜೋತಿದೆಯೇ ಎಂದು ನೋಡಿದೆ.

"ಏನು ಸಪರ್ ಆಗಾ, ನನ್ನನ್ನ ತೂಕಕ್ಕೆ ಹಾಕ್ತಿದ್ದೀರಾ?" ಎಂದ.

"ಹದಿನೇಳನೇ ಕೊರೆತದಲ್ಲಿ ಕಲ್ಲು ಕಡಿಮೆಯಿದೆ."

"ಕಡಿಮೆ ಇರೋದು ನಮಗೆ ಒಳ್ಳೇದೇ ಅಲ್ವಾ?" ಎಂದು ನಗುತ್ತಾ ಹೋದ. ಆ ನಗು ನನಗೆ ಹಿಡಿಸಲಿಲ್ಲ. ತಪ್ಪಿಲ್ಲದವನು ಅಷ್ಟು ಸಲೀಸಾಗಿ ನಗುವುದಿಲ್ಲ ಎಂದುಕೊಂಡೆ.

ಮರುದಿನ ರೈಮರ್ ಬಂದ. ಜೂನ್ ನಂತರ ನಾವಿಬ್ಬರೂ ಮಾತಾಡಿರಲಿಲ್ಲ. ಟೋಪಿ ತೆಗೆದು ಬಾಗಿಲ ಹೊರಗೇ ನಿಂತ.

"ಸಪರ್, ಹದಿನೇಳರ ಪೆಟ್ಟಿಗೆಗಳನ್ನ ಒಂದು ಸಲ ನೋಡ್ಲಾ?"

"ಅಪ್ಪಣೆ ಚೀಟಿ ಇದೆಯಾ?"

"ಇಲ್ಲ."

"ಹಾಗಾದ್ರೆ ಇಲ್ಲ."

ಟೋಪಿ ಹಾಕಿಕೊಂಡ. "ಆ ಬಂಡೆ ಬೀಳೋದಿಲ್ಲ ಕಣೋ. ಕೊರೆಯುವಾಗ ವಾರಕ್ಕೆ ಯಂತ್ರದ ನಾಲ್ಕು ಹಲ್ಲು ಸವೀತಿತ್ತು, ನಿಂಗೆ ನೆನಪಿಲ್ವಾ?" ಎಂದ. ನಾನು ಬೀಗ ಹಾಕಿದೆ. ಅವನೇ ಕದ್ದು, ತನ್ನ ಲೆಕ್ಕ ಸರಿಯೆಂದು ಆಮೇಲೆ ತಂದು ತೋರಿಸುವ ಹುನ್ನಾರವೇ ಎಂದೂ ಒಂದು ಗಳಿಗೆ ಅನಿಸಿತು. ಅನುಮಾನಕ್ಕೆ ನೆಂಟಸ್ತಿಕೆಯ ಹಂಗಿಲ್ಲ, ಏನು ಮಾಡಲಿ?

ಅದು ಯಾರೇ ಆಗಿರಲಿ, ಇಪ್ಪತ್ತಾರರೊಳಗೆ ಹಿಡಿಯುತ್ತೇನೆ. ಅಲ್ಲಿಯವರೆಗೆ ಪೆನ್ನಿನ ಮುಚ್ಚಳ ತೆಗೆಯಬೇಡ.

ಅಪ್ಪ

———

ಕೋಕ್‌ಜಾಲ್
೧೯ ಅಕ್ಟೋಬರ್

ನನ್ನ ಕಣ್ಣಿನ ಬೆಳಕೇ,

ತಂತಿ ಕಳಿಸಿ ಹೆದರಿಸಿದ್ದಕ್ಕೆ ಕ್ಷಮಿಸು. "ಸಹಿ ಹಾಕಬೇಡ" ಎಂಬ ಎರಡೇ ಪದ ನೋಡಿ, ಅಪ್ಪನಿಗೆ ಏನೋ ಆಗಿದೆ ಎಂದುಕೊಂಡಿರುತ್ತೀಯ. "ಹಾಕುವುದಿಲ್ಲ. ಕಾರಣ ಬರೆಯಿರಿ" ಎಂದು ನಿನ್ನ ಉತ್ತರ ಬಂದ ಮೇಲೆ ಉಸಿರು ಬಂತು. ಆದರೂ ಕೂತು ಬರೆಯಲು ಐದು ದಿನ ಬೇಕಾಯಿತು. ಕಾರಣವನ್ನು ಎಣಿಸಿ ಮುಗಿಸಬೇಕಿತ್ತು.

ಹೋದ ಭಾನುವಾರ ಪ್ರಯೋಗಾಲಯದ ಕಾನಿಪಾಳ ಮೊಮ್ಮಗನಿಗೆ ಕಾಲಿನ ದಾರ ಕತ್ತರಿಸುವ ಶಾಸ್ತ್ರ. ಮಗು ಮೊದಲ ಹೆಜ್ಜೆ ಇಡುವುದಕ್ಕೆ ನಾನೇ ಕತ್ತರಿಸಬೇಕೆಂದು ಕರೆದಿದ್ದಳು. ಕಪ್ಪುಬಿಳಿ ದಾರ ಕತ್ತರಿಸಿದೆ, ಮಗು ಮೂರು ಹೆಜ್ಜೆ ಇಟ್ಟು ಕೂತಿತು, ಎಲ್ಲರೂ ಸಿಹಿ ತೂರಿದರು. ಕೈ ತೊಳೆಯಲು ಅಡುಗೆಮನೆಗೆ ಹೋದೆ. ಕಾನಿಪಾ ಮಾಂಸದೂಟಕ್ಕೆ ಹಿಟ್ಟು ಲಟ್ಟಿಸುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ಮರದ ಲಟ್ಟಣಿಗೆಯಲ್ಲ. ಬೂದು ಬಣ್ಣದ, ಮೊಳಕ್ಕಿಂತ ತುಸು ಕಡಿಮೆ ಉದ್ದದ, ನುಣ್ಣನೆಯ ಕಲ್ಲುಕೋಲು. ಹಿಟ್ಟಿನ ಕೆಳಗಿನಿಂದ ಮಾಸಿದ ಕೆಂಪು ಅಂಕಿ ಇಣುಕುತ್ತಿತ್ತು: ೪೧೨.೬.

ಸಿಕ್ಕಿಬಿದ್ದಳು ಎಂದುಕೊಂಡೆ. ಇಷ್ಟು ವರ್ಷ ಉಪ್ಪು ತಿಂದ ಮನೆ, ಇಂಥವಳೇ ಎಂದುಕೊಂಡೆ. ದನಿ ತಗ್ಗಿಸಿ ಕೇಳಿದೆ: "ಕಾನಿಪಾ, ಇದು ಎಲ್ಲಿಂದ ಬಂತು?"

"ನೀವೇ ಕೊಟ್ಟಿದ್ದಲ್ವಾ ಆಗಾ? ನಮ್ಮನೆಯೋರು ಮೊದಲನೇ ಸಲ ನಿಮ್ಮ ಉಗ್ರಾಣಕ್ಕೆ ಬಂದಾಗ. ಬರಿಗೈಲಿ ಕಳಿಸಬಾರದು ಅಂತ ಕೊಟ್ರಂತೆ. ಏಳು ವರ್ಷ ಆಯ್ತು. ಹಿಟ್ಟು ಅಂಟೋದೇ ಇಲ್ಲ ನೋಡಿ."

ಕುನ್ಸುಲು, ಒದ್ದೆ ಕೈ ಒರೆಸಿಕೊಳ್ಳದೆ ಹಾಗೇ ನಿಂತಿದ್ದೆ.

ಹದಿನಾರು ವರ್ಷದಲ್ಲಿ ನನ್ನ ಉಗ್ರಾಣಕ್ಕೆ ಯಾರು ಬಂದರೂ ಅತಿಥಿಯೇ. ಅತಿಥಿ ಬರಿಗೈಯಲ್ಲಿ ಹೊಸಲು ದಾಟುವುದು ನಮಗೆ ಆಗಿಬರುವುದಿಲ್ಲ. ಉಗ್ರಾಣದಲ್ಲಿ ಕೊಡಲು ಏನಿದೆ? ಕಲ್ಲಿದೆ. ಮುರುಕಲನ್ನು ಯಾರಾದರೂ ಅತಿಥಿಗೆ ಕೊಡುತ್ತಾರೆಯೇ? ಇದ್ದುದರಲ್ಲೇ ಉದ್ದದ್ದು, ತಾಮ್ರ ಮಿನುಗುವಂಥದ್ದು ಆರಿಸಿ, ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದೆ. ಹದಿನೇಳು, ಹದಿನೆಂಟು, ಇಪ್ಪತ್ತೊಂದನೇ ಕೊರೆತದ ಪೆಟ್ಟಿಗೆಗಳು ಬಾಗಿಲ ಹತ್ತಿರ, ಕೈಗೆಟಕುವಂತೆ ಇದ್ದವು. ಅದಿರಿನ ಎದೆಯ ಮೂಲಕ ಹಾದುಹೋದ ಮೂರು ಕೊರೆತಗಳೂ ಅವೇ. ಕೊಟ್ಟ ಮೇಲೆ ಪೆಟ್ಟಿಗೆ ಬೋಳಾಗಿ ಕಾಣಬಾರದೆಂದು ಮಿಕ್ಕ ತುಣುಕುಗಳನ್ನು ಒತ್ತೊತ್ತಾಗಿ ಜೋಡಿಸುತ್ತಿದ್ದವನೂ ನಾನೇ. ಬರುವವರಿಗೆ ಅಚ್ಚುಕಟ್ಟಾಗಿ ಕಾಣಲಿ ಎಂದು. ಇದು ತಪ್ಪೆಂದು ಒಂದು ದಿನವೂ ಹೊಳೆಯಲಿಲ್ಲ. ಚಹಾ ಕೊಟ್ಟದ್ದನ್ನು ಯಾರು ಲೆಕ್ಕ ಇಡುತ್ತಾರೆ? ಇದೂ ಹಾಗೇ.

ಸೋಮವಾರದಿಂದ ಮನೆ ಮನೆ ತಿರುಗಿದೆ. ಸಾರ್ವಜನಿಕ ಸ್ನಾನದ ಮನೆಯ ಬಾಗಿಲಿಗೆ ಆನಿಸಿದ್ದು ಒಂದು. ಹುಳಿ ಕೋಸಿನ ಪೀಪಾಯಿಯ ಮುಚ್ಚಳದ ಮೇಲೆ ಭಾರಕ್ಕೆ ಎರಡು. ಶಾಲೆಯ ಮುಖ್ಯೋಪಾಧ್ಯಾಯರ ಪುಸ್ತಕದ ಸಾಲಿನ ಎರಡು ಕೊನೆಗೂ ಒಂದೊಂದು. ಅಂಚೆ ಕಚೇರಿಯ ಹೆಂಗಸು ಕೊಡಲೊಪ್ಪದೆ, "ಕೊಟ್ಟದ್ದನ್ನ ವಾಪಸು ಕೇಳೋ ಕಜಖ್‌ನನ್ನ ಇವತ್ತೇ ನೋಡಿದ್ದು" ಎಂದಳು. ತಲೆ ತಗ್ಗಿಸಿ ಇಸಿದುಕೊಂಡೆ. ಜುಮಾದಿಲೋವ್‌ನ ಮೇಜಿನ ಮೇಲೂ ಒಂದಿತ್ತು. ಅವನನ್ನು ಕಳ್ಳ ಎಂದುಕೊಂಡಿದ್ದೆನಲ್ಲ, ಅದು ಅವನ ಹುಟ್ಟುಹಬ್ಬಕ್ಕೆ ನಾನೇ ಒಯ್ದು ಕೊಟ್ಟದ್ದು. ನಿಮ್ಮ ನಿರ್ದೇಶಕರು ಎಪ್ಪತ್ತೊಂಬತ್ತರಲ್ಲಿ ಬಂದಾಗ ಒಯ್ದದ್ದು ಈಗ ಅವರ ಕಾಗದಗಳ ಮೇಲೆ ಕೂತಿರಬಹುದು, ನೋಡು. ಹದಿನೆಂಟರದ್ದು, ೪೦೭ರ ಹತ್ತಿರ.

ಐವತ್ತಮೂರು ಕೋಲು ಸಿಕ್ಕವು. ಉಗ್ರಾಣದ ನೆಲದ ಮೇಲೆ ಅಂಕಿ ನೋಡಿ ಜೋಡಿಸಿದೆ. ಕೊನೆಗೆ ಕೊನೆ ಹಲ್ಲಿಗೆ ಹಲ್ಲು ಕೂತಂತೆ ಕೂತವು. ಪೆಟ್ಟಿಗೆಯಲ್ಲಿ ಉಳಿದ ತುಣುಕುಗಳ ಬಹುಪಾಲು ಒಡಕು ನಾನು ಒತ್ತಿ ಜೋಡಿಸುವಾಗ ಆದ ಹೊಸವು, ಅವನ್ನು ಬಿಟ್ಟು ಎಣಿಸಿದೆ. ಮೀಟರಿಗೆ ಎರಡು ಬಿರುಕು, ಕೆಲವೆಡೆ ಒಂದು. ರೈಮರ್ ಬರೆದಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎಂಬತ್ತು ಮೀಟರ್ ಅಗಲದ ಗಟ್ಟಿ ಬಂಡೆ, ಮಗಳೇ. ಕಾಲು ಕತ್ತರಿಸಿದರೂ ಅದು ಬೀಳುವುದಿಲ್ಲ. ಬೀಳುವ ದಿನ ಯಾವುದೆಂದು ಯಾರಿಗೂ ಹೇಳಿ ಬೀಳುವುದೂ ಇಲ್ಲ.

ಜುಮಾದಿಲೋವ್‌ನನ್ನು ಕರೆದು ತೋರಿಸಿದೆ. ಮೊಣಕಾಲೂರಿ ಕೂತು ಎರಡು ಕೋಲುಗಳ ಕೂಡಿಕೆಯ ಮೇಲೆ ಉಗುರು ಎಳೆದು ನೋಡಿದ.

"ಆಗಾ, ಜೂನ್‌ನಲ್ಲಿ ನಿಮ್ಮ ಸಹಿ ಇದೆ. ಈಗ ಅಡುಗೆಮನೆ ಕಲ್ಲು ತಂದು ಯೋಜನೆ ನಿಲ್ಲಿಸಿ ಅಂದ್ರೆ ಮೇಲಿನೋರು ನಗ್ತಾರೆ."

"ನಗಲಿ."

"ನಿಮ್ಮನ್ನ ಉಗ್ರಾಣದಿಂದ ತೆಗೀತಾರೆ."

"ತೆಗೀಲಿ."

"ಕುನ್ಸುಲುಗೆ ಏನಂತಾರೆ ಗೊತ್ತಾ? ಅಪ್ಪ ಕಲ್ಲು ಹಂಚಿದ, ಮಗಳು ಯೋಜನೆ ಕೆಡಿಸಿದಳು ಅಂತಾರೆ."

ನಾನು ಕೋಲುಗಳಿಗೆ ಉಣ್ಣೆ ಸುತ್ತತೊಡಗಿದೆ. ಆಗ ಅವನೇ ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು, "ನಾನು ಇದನ್ನ ನೋಡಿಲ್ಲ. ಆದರೆ ನೀವು ಕಳಿಸೋದನ್ನ ತಡೆಯೋದೂ ಇಲ್ಲ. ನಾಳೆ ನಮ್ಮ ಲಾರಿ ಅಲ್ಮಾ-ಅತಾಗೆ ಹೋಗುತ್ತೆ" ಎಂದ. ಅವನ ಬಗ್ಗೆ ಇನ್ನೂ ನನಗೆ ನಂಬಿಕೆಯಿಲ್ಲ. ಲಾರಿಯ ಮೇಲೆ ಮಾತ್ರ ಇದೆ.

ಹದಿನೇಳನೇ ಕೊರೆತದ ಕೋಲುಗಳನ್ನು ಎರಡು ಪೆಟ್ಟಿಗೆಗಳಲ್ಲಿ ಉಣ್ಣೆ ತುಂಬಿ ಕಳಿಸುತ್ತಿದ್ದೇನೆ. ಯಾವ ತುಂಡು ಯಾರ ಮನೆಯಲ್ಲಿ ಸಿಕ್ಕಿತು, ಯಾವ ವರ್ಷ ಕೊಟ್ಟೆ ಎಂಬ ಪಟ್ಟಿಗೆ ನನ್ನ ಸಹಿ ಇದೆ. ಜೂನ್‌ನ ಹೇಳಿಕೆಯನ್ನು ಹಿಂದೆ ತೆಗೆದುಕೊಳ್ಳುವ ಕಾಗದ ಬೇರೆ ಇದೆ. ಎರಡನ್ನೂ ಮಂಡಳಿಯ ಮುಂದಿಡು. ಅಪ್ಪನನ್ನು ಕಾಪಾಡಲು ಯಾವುದನ್ನೂ ಮುಚ್ಚಿಡಬೇಡ. ರೈಮರನ ಪುಸ್ತಕಗಳನ್ನು ತರಿಸಿ, ಅವನ ಹೆಸರಿನಲ್ಲೇ ಲೆಕ್ಕಕ್ಕೆ ಸೇರಿಸು. ತುಂಬುತ್ತಾ ಹೋಗುವ ಪದ್ಧತಿ ನಿಧಾನ ಎನ್ನುವವರಿಗೆ, ನಿಧಾನವೇ ಎಂದು ಹೇಳು. ಅಲ್ಲಿ ಕೆಲಸ ಮಾಡುವ ಇನ್ನೂರು ಜನರಿಗೆ ಅವಸರವಿಲ್ಲ.

ಅಮ್ಮ ಎಲ್ಲ ಕೇಳಿದಳು. ಎರ್ಮೆಕ್‌ನ ಬೂಟುಗಳನ್ನು ಒಳಗೆ ತಂದು ಒಲೆಯ ಪಕ್ಕ ಇಟ್ಟಳು, ಅಷ್ಟೇ.

ನಿನ್ನ ದಾರಿ ಬೆಳ್ಳಗಿರಲಿ. ನಿನ್ನ ಮಾತಿಗೆ ತೂಕವಿರಲಿ. ನಮ್ಮ ಹಿರಿಯರೆಲ್ಲರ ಆಶೀರ್ವಾದ ನಿನ್ನ ಬೆನ್ನ ಹಿಂದಿರಲಿ.

ನಿನ್ನ ಅಪ್ಪ,
ಸಪರ್‌ಗಾಲಿ

ಮರೆತದ್ದು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಜೂನ್‌ನಲ್ಲಿ ಇನ್ನೊಂದೆರಡು ಮಾತು ಹೇಳಿದೆ ಎಂದಿದ್ದೆನಲ್ಲ, ಅದು ಇದು: "ರೈಮರ್ ಕುಡಿದು ಎಣಿಸುತ್ತಿದ್ದ, ಕಣ್ಣಾರೆ ಕಂಡಿದ್ದೇನೆ." ನಾನು ಕಂಡಿರಲಿಲ್ಲ. ಅವನು ಚಳಿಯಲ್ಲಿ ಸೀಸದ ಕಡ್ಡಿಯಲ್ಲಿ ಚೀಟಿಗಳ ಮೇಲೆ ಎಣಿಸಿ, ಸಂಜೆ ಒಲೆಯ ಪಕ್ಕ ಕೂತು ಶಾಯಿಯಲ್ಲಿ ನಕಲು ಮಾಡುತ್ತಿದ್ದ. ಅದು ನನಗೆ ಗೊತ್ತಿತ್ತು. ಎದುರಿಗೇ ಕೂತಿರುತ್ತಿದ್ದೆ. ಆಗ ನೀರಿನ ಗಾಡಿ ಹೊಡೆಯುತ್ತಿದ್ದ, ನಲವತ್ತು ವಯಸ್ಸಾದರೂ ಅಂಕಿ ಬಿಟ್ಟರೆ ಹೆಸರು ಬರೆಯಲೂ ಬಾರದ ನನಗೆ, ತನ್ನ ನಕಲು ಮುಗಿದ ಮೇಲೆ ಅವನೇ ಅಕ್ಷರ ಕಲಿಸುತ್ತಿದ್ದ. ಊರಿಗೆಲ್ಲ, ನಿನಗೂ, ನಾನಾಗಿಯೇ ಕಲಿತೆ ಎಂದು ಹೇಳಿಕೊಂಡು ಬಂದಿದ್ದೇನೆ. ಯಾಕೆ ಹಾಗೆ ಹೇಳಿದೆ ಎಂದು ಕೇಳುತ್ತೀಯ. ಅಧ್ಯಕ್ಷರು ಪೆನ್ನು ತೆರೆದು, ನನ್ನ ಬಾಯಿಯನ್ನೇ ನೋಡುತ್ತಾ ಕಾಯುತ್ತಿದ್ದರು. ನನ್ನ ಮಾತನ್ನು ಬರೆದುಕೊಳ್ಳಲು ಯಾರಾದರೂ ಕಾದದ್ದು ಜೀವನದಲ್ಲಿ ಅದೇ ಮೊದಲು. ಆಮೇಲೆ ಯಾಕೊಬ್‌ನನ್ನು ಒಳಗೆ ಕರೆದು, ಓದಿ ತಿಳಿದಿದ್ದೇನೆ ಎಂದು ಸಹಿ ಹಾಕಲು ಹೇಳಿದರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಅವನು ಪೂರ್ತಿ ಓದಿದ. ಕೊನೆಯಲ್ಲಿದ್ದ ನನ್ನ ಸಹಿಯ ಮೇಲೆ ಬೆರಳಿಟ್ಟು, "ಅಕ್ಷರ ಚೆನ್ನಾಗಿ ಕುದುರಿದೆ" ಎಂದು, ತನ್ನ ಹೆಸರನ್ನು ಅದರ ಕೆಳಗೆ ಬರೆದು ಹೊರಗೆ ಹೋದ.